ಕೋಡ್ ಸಿಕ್ಕ ಮಾತ್ರಕ್ಕೆ ಸೆನ್ಸರ್ ಬದಲಿಸಬೇಡಿ

ಹತ್ತು ಹದಿನೈದು ವರ್ಷ ಓಡಿದ ಪೆಟ್ರೋಲ್ ಕಾರು ಮನೆಯಲ್ಲಿದ್ದರೆ ಮೀಟರಿನ ಪಕ್ಕದ ಹಳದಿ ಎಂಜಿನ್ ದೀಪದ ಪರಿಚಯ ನಿಮಗಿದ್ದೇ ಇರುತ್ತದೆ. ದೀಪ ಹತ್ತಿತೆಂದು ಗ್ಯಾರೇಜಿಗೆ ಹೋದರೆ ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಹಾಕುತ್ತಾರೆ. ಒಂದು ನಂಬರ್ ಬರುತ್ತದೆ, ಅದರ ಹಿಂದೆಯೇ ‘ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕ್ಬೇಕು’ ಎಂಬ ತೀರ್ಪೂ ಬರುತ್ತದೆ. ದುಡ್ಡು ಕೊಟ್ಟು ಹಾಕಿಸಿದ ಮೇಲೆ ದೀಪ ಆರುತ್ತದೆ. ಎಂಟು ದಿನಕ್ಕೆ ಮತ್ತೆ ಹತ್ತುತ್ತದೆ, ನಂಬರ್ ಅದೇ. ಈಗ ‘ವೈರಿಂಗ್ ನೋಡ್ಬೇಕು’ ಅನ್ನುತ್ತಾರೆ. ಮೊದಲೇ ನೋಡಬೇಕಾಗಿದ್ದದ್ದು ಅದನ್ನೇ.

ಇಲ್ಲಿ ಸ್ಕ್ಯಾನರ್ ಸುಳ್ಳು ಹೇಳಿಲ್ಲ. ಯಾವ ಅಳತೆಯ ಮೇಲೆ ತನಗೆ ಅನುಮಾನ ಬಂತು ಎಂಬುದನ್ನಷ್ಟೇ ಎಂಜಿನ್ ಕಂಪ್ಯೂಟರ್ ಕೋಡಿನ ಮೂಲಕ ತಿಳಿಸುತ್ತದೆ. ಆ ಅಳತೆ ಕಂಪ್ಯೂಟರಿಗೆ ತಲುಪಬೇಕಾದರೆ ಸೆನ್ಸರ್, ಕಪ್ಲರ್, ಅದರೊಳಗಿನ ಪಿನ್, ಎರಡು ಮೂರು ತಂತಿ, ಅರ್ಥಿಂಗ್ ಎಲ್ಲವೂ ಸರಿ ಇರಬೇಕು. ಹಳೆ ಕಾರಿನಲ್ಲಿ ಸೆನ್ಸರಿಗಿಂತ ಮೊದಲು ಸೋಲುವುದು ಬಹಳ ಸಲ ಈ ಉಳಿದವುಗಳೇ. ಅಷ್ಟೇ ಅಲ್ಲ, ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು, ಕೆಟ್ಟಿರುವುದು ಎಂಜಿನ್ನಿನ ಬೇರೆ ಯಾವುದೋ ಭಾಗ ಆಗಿರಬಹುದು. ಆದ್ದರಿಂದ ಕೋಡ್ ಸಿಕ್ಕ ಮೇಲೆ ಅಳತೆಯ ಕೆಲಸ ಶುರುವಾಗಬೇಕು, ಅಂಗಡಿಗೆ ಹೋಗುವುದು ಆಮೇಲೆ. ಅಳೆಯಲು ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ಡಿಜಿಟಲ್ ಮಲ್ಟಿಮೀಟರ್, ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಒಂದು ಅಡಾಪ್ಟರ್, ಒಂದಿಷ್ಟು ತಾಳ್ಮೆ.

ನಿಮ್ಮ ಕಾರು ಯಾವ ಕಾಲದ್ದು?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದಲೇ ಒಬಿಡಿ-2 ಎಂಬ ಸಮಾನ ಪದ್ಧತಿ ಕಡ್ಡಾಯವಾಯಿತು. ನಮ್ಮಲ್ಲಿ ಅದು ತಡವಾಗಿ ಬಂತು. ಭಾರತ್ ಸ್ಟೇಜ್-4 ನಿಯಮ 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ ಕೆಲವು ದೊಡ್ಡ ನಗರಗಳಲ್ಲಿ ಜಾರಿಯಾದಾಗ ಅದರ ಜೊತೆ ಒಬಿಡಿ-1 ಬಂತು, 2013ರ ಏಪ್ರಿಲ್‌ನಿಂದ ಒಬಿಡಿ-2. ಹೀಗಾಗಿ 2013ರ ನಂತರದ ಕಾರಾದರೆ ಸಾಮಾನ್ಯ ಅಡಾಪ್ಟರ್ ಹೆಚ್ಚುಕಡಿಮೆ ಖಂಡಿತ ಮಾತಾಡುತ್ತದೆ. 2010ಕ್ಕಿಂತ ಹಿಂದಿನ ಕಾರಿಗೆ ಈ ಭರವಸೆ ಇಲ್ಲ. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಅದೇ ಸಾಕೆಟ್ ಇದ್ದರೂ ಒಳಗೆ ಕಂಪನಿಯ ಸ್ವಂತ ಭಾಷೆ ಇರಬಹುದು. ಆಗ ಅಡಾಪ್ಟರ್ ‘ಕನೆಕ್ಟ್ ಆಗುತ್ತಿಲ್ಲ’ ಎನ್ನುತ್ತದೆ. ಕಾರಿನ ಕಂಪ್ಯೂಟರ್ ಕೆಟ್ಟಿದೆ ಎಂದು ಇದರರ್ಥವಲ್ಲ. ಆ ಕಂಪನಿಯ ಸಾಫ್ಟ್‌ವೇರ್ ಇರುವ ಸ್ಕ್ಯಾನರ್ ಬೇಕು ಅಷ್ಟೇ.

ಅದಕ್ಕೂ ಹಿಂದಿನ ಕಾರುಗಳಲ್ಲಿ ಕೋಡ್ ಓದಲು ದೀಪವೇ ಸಾಕಿತ್ತು. ಸುಜುಕಿಯ ಹಳೆಯ ಪದ್ಧತಿಯಲ್ಲಿ ಡಯಾಗ್ನೋಸಿಸ್ ಟರ್ಮಿನಲ್ಲನ್ನು ತಂತಿಯ ತುಂಡಿನಿಂದ ಗ್ರೌಂಡಿಗೆ ಸೇರಿಸಿ ಕೀ ಆನ್ ಮಾಡಿದರೆ ಎಂಜಿನ್ ದೀಪ ಮಿನುಗಿ ಲೆಕ್ಕ ಕೊಡುತ್ತದೆ. ಒಂದು ಮಿನುಗು, ಸ್ವಲ್ಪ ಬಿಟ್ಟು ಎರಡು ಮಿನುಗು ಬಂದರೆ 12, ಅಂದರೆ ತೊಂದರೆ ದಾಖಲಾಗಿಲ್ಲ. ಯಾವ ಟರ್ಮಿನಲ್ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ನಿಮ್ಮ ಕಾರಿನ ಸರ್ವೀಸ್ ಮ್ಯಾನ್ಯುಯಲ್ ಕೈಯಲ್ಲಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಬ್ಯಾಟರಿಯ ಪ್ಲಸ್ ಇರುವ ಪಿನ್ನನ್ನು ಗ್ರೌಂಡಿಗೆ ಸೇರಿಸಿದರೆ ಫ್ಯೂಸ್ ಸುಟ್ಟರೆ ಪುಣ್ಯ, ಇಲ್ಲದಿದ್ದರೆ ತಂತಿಯೇ ಸುಡುತ್ತದೆ.

ಅಡಾಪ್ಟರ್ ಬಗ್ಗೆ ಒಂದು ಮಾತು. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಕಂಪನಿಯ ಇಎಲ್ಎಂ327 ಚಿಪ್ಪಿನ ಹೆಸರಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವವೆಲ್ಲ ಬಹುತೇಕ ನಕಲು. ಹೊಸ ಕಾರುಗಳ ಕ್ಯಾನ್ ಲೈನಿನಲ್ಲಿ ಅವು ನಡೆಯುತ್ತವೆ. ಹಳೆ ಕಾರುಗಳು ಬಳಸುವ ಕೆ-ಲೈನ್, ಅಂದರೆ ಸಾಕೆಟ್ಟಿನ 7ನೇ ಪಿನ್, ಹಲವು ನಕಲುಗಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಳೆ ಕಾರಿಗೆಂದೇ ಕೊಳ್ಳುವವರು ಕೆ-ಲೈನಿಗೆ ಆಗುತ್ತದೆಯೇ ಎಂದು ಕೇಳಿ, ವಾಪಸ್ ಕೊಡಲು ಅವಕಾಶ ಇರುವ ಕಡೆ ಕೊಳ್ಳಿ. ಮಲ್ಟಿಮೀಟರ್ ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ, ಉಳಿದವರಿಗೆ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಹಳೆ ಎಲೆಕ್ಟ್ರಿಷಿಯನ್‌ಗಳು ಬಳಸುವ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಮಾತ್ರ ಸೆನ್ಸರ್ ತಂತಿಗೆ ತಾಗಿಸಬೇಡಿ. ಅದು ಎಳೆಯುವ ಕರೆಂಟು ಕಂಪ್ಯೂಟರಿನ 5 ವೋಲ್ಟ್ ಸರ್ಕ್ಯೂಟಿಗೆ ಮಾರಕವಾಗಬಹುದು.

ಅಳಿಸುವ ಮುಂಚೆ ಬರೆದಿಡಿ

ಕೀ ಆನ್ ಮಾಡಿದಾಗ, ಎಂಜಿನ್ ಶುರು ಮಾಡುವ ಮುಂಚೆ, ಎಂಜಿನ್ ದೀಪ ಹತ್ತಲೇಬೇಕು. ಶುರುವಾದ ಮೇಲೆ ಆರಬೇಕು. ಕೀ ಆನ್ ಮಾಡಿದಾಗಲೂ ಹತ್ತದಿದ್ದರೆ ಬಲ್ಬ್ ಹೋಗಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮಾಡಬೇಕಾದ ಮೊದಲ ಪರೀಕ್ಷೆ ಇದು.

ಕೋಡ್ ಬಂದ ಕೂಡಲೇ ಅಳಿಸುವ ಗುಂಡಿ ಒತ್ತಬೇಡಿ, ಬ್ಯಾಟರಿ ತಂತಿ ಬಿಚ್ಚಿ ಹಾಕಲೂ ಬೇಡಿ. ಒಬಿಡಿ-2 ಕಾರಿನಲ್ಲಿ ಕೋಡಿನ ಜೊತೆ ಫ್ರೀಜ್ ಫ್ರೇಮ್ ಎಂಬ ದಾಖಲೆ ಇರುತ್ತದೆ. ತೊಂದರೆ ಕಂಡ ಕ್ಷಣದಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಕೂಲೆಂಟ್ ಎಷ್ಟು ಬಿಸಿ, ಗಾಡಿ ಎಷ್ಟು ವೇಗದಲ್ಲಿತ್ತು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಬೆಳಗ್ಗೆ ತಣ್ಣನೆ ಎಂಜಿನ್ನಿನಲ್ಲಿ ಬಿದ್ದ ಕೋಡಿಗೂ ಶಿರಾಡಿ ಘಾಟ್ ಹತ್ತುವಾಗ ಬಿದ್ದ ಕೋಡಿಗೂ ಹುಡುಕುವ ದಾರಿ ಬೇರೆ. ಅಳಿಸಿದರೆ ಇದೂ ಹೋಗುತ್ತದೆ, ಕಂಪ್ಯೂಟರ್ ಕಲಿತುಕೊಂಡ ಪೆಟ್ರೋಲ್ ಲೆಕ್ಕವೂ ಹೋಗುತ್ತದೆ. ಪರದೆಯ ಫೋಟೊ ತೆಗೆದುಕೊಳ್ಳಿ, ಸಾಕು.

ಕೋಡಿನ ಅಕ್ಷರ, ಅಂಕಿಗಳಿಗೂ ಅರ್ಥವಿದೆ. ಮೊದಲ ‘ಪಿ’ ಎಂದರೆ ಎಂಜಿನ್ ಮತ್ತು ಗೇರ್ ಕಡೆಯದು. ಅದರ ಮುಂದೆ 0 ಇದ್ದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ, 1 ಇದ್ದರೆ ಆ ಕಂಪನಿಯ ಪಟ್ಟಿಯನ್ನೇ ನೋಡಬೇಕು. ಮೂರನೆಯ ಸ್ಥಾನದಲ್ಲಿ 1 ಅಥವಾ 2 ಇದ್ದರೆ ಗಾಳಿ-ಪೆಟ್ರೋಲ್ ವಿಷಯ, 3 ಇದ್ದರೆ ಸ್ಪಾರ್ಕ್ ಮತ್ತು ಮಿಸ್ಸಿಂಗ್, 4 ಇದ್ದರೆ ಹೊಗೆ ನಿಯಂತ್ರಣ, 5 ಇದ್ದರೆ ಐಡಲಿಂಗ್ ಮತ್ತು ವೇಗ. ಕೋಡಿನ ವಿವರಣೆಯಲ್ಲಿ ಕೊನೆಯ ಮಾತನ್ನು ಗಮನವಿಟ್ಟು ಓದಿ. ‘ಸರ್ಕ್ಯೂಟ್ ಹೈ’, ‘ಸರ್ಕ್ಯೂಟ್ ಲೋ’ ಎಂದಿದ್ದರೆ ಅದು ವಿದ್ಯುತ್ತಿನ ಮಾತು. ತಂತಿ ತುಂಡಾಗಿದೆಯೋ ಶಾರ್ಟ್ ಆಗಿದೆಯೋ ನೋಡಬೇಕು. ‘ಲೀನ್’, ‘ಮಿಸ್‌ಫೈರ್’ ಎಂದಿದ್ದರೆ ಅದು ಎಂಜಿನ್ನಿನ ವರ್ತನೆಯ ಮಾತು. ಸೆನ್ಸರ್ ತನ್ನ ಕೆಲಸ ಮಾಡಿದೆ ಎಂದೇ ಹಿಡಿದು ಮುಂದೆ ಹೋಗಬೇಕು.

ಬ್ಯಾಟರಿ, ಅರ್ಥಿಂಗ್: ಯಾರೂ ನೋಡದ ಜಾಗ

ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕೋಡ್ ಒಟ್ಟಿಗೆ ಬಂದರೆ ಮೂರು ನಾಲ್ಕು ಸೆನ್ಸರ್ ಒಟ್ಟಿಗೆ ಸತ್ತವು ಎಂದು ನಂಬಬೇಡಿ. ಅವೆಲ್ಲಕ್ಕೂ ಸಾಮಾನ್ಯವಾದದ್ದು ಯಾವುದು ಎಂದು ಕೇಳಿಕೊಳ್ಳಿ. ಬ್ಯಾಟರಿ ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್ ಆಸುಪಾಸಿನಲ್ಲಿರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.5ರವರೆಗೆ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ.

ಆಮೇಲೆ ಅರ್ಥಿಂಗ್. ಹೆಡ್‌ಲೈಟ್, ಎಸಿ ಆನ್ ಇರುವಾಗ ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಇಡಿ. 0.1 ವೋಲ್ಟಿನ ಆಸುಪಾಸು ಇದ್ದರೆ ಸರಿ. ಅರ್ಧ ವೋಲ್ಟ್ ತೋರಿಸಿದರೆ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದೆ ಎಂದೇ ತಿಳಿಯಿರಿ. ಉಡುಪಿ, ಮಂಗಳೂರು, ಕಾರವಾರದ ಉಪ್ಪು ಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಾರುಗಳಲ್ಲಿ ಇದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ಎಷ್ಟೋ ‘ಕಂಪ್ಯೂಟರ್ ತೊಂದರೆ’ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಸಾಮಾನ್ಯ ಮೂಲ 5 ವೋಲ್ಟ್ ಲೈನ್. ಥ್ರಾಟಲ್, ಮ್ಯಾಪ್ (ಇದರ ವಿವರ ಮುಂದಿದೆ) ಮುಂತಾದ ಸೆನ್ಸರ್‌ಗಳಿಗೆ ಕಂಪ್ಯೂಟರ್ 5 ವೋಲ್ಟ್ ಕೊಡುತ್ತದೆ. ಅವುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ ಎಲ್ಲವುಗಳ ವೋಲ್ಟೇಜೂ ಕುಸಿಯುತ್ತದೆ, ಕೋಡ್‌ಗಳ ಸಾಲೇ ಬರುತ್ತದೆ. ಮೀಟರ್ ಹಿಡಿದುಕೊಂಡು ಕೀ ಆಫ್ ಮಾಡಿ ಒಂದೊಂದೇ ಕಪ್ಲರ್ ಬಿಚ್ಚಿ, ಮತ್ತೆ ಆನ್ ಮಾಡಿ ನೋಡುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ ಅದೇ ತಪ್ಪಿತಸ್ಥ.

ಕೂಲೆಂಟ್ ಸೆನ್ಸರ್: ಒಂದನ್ನು ಕಲಿತರೆ ಹತ್ತು ಕಲಿತಂತೆ

ಎರಡು ತಂತಿಯ ಈ ಸಣ್ಣ ಸೆನ್ಸರ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇದನ್ನು ಪರೀಕ್ಷಿಸುವ ಕ್ರಮ ತಿಳಿದರೆ ಗಾಳಿಯ ತಾಪದ ಸೆನ್ಸರಿಗೂ ಅದೇ ಕ್ರಮ ನಡೆಯುತ್ತದೆ. ಜೊತೆಗೆ ಮೈಲೇಜ್ ಬಿದ್ದುಹೋದ ಹಳೆ ಕಾರುಗಳಲ್ಲಿ ಇದರ ಪಾತ್ರ ದೊಡ್ಡದು.

ಸೆನ್ಸರಿನೊಳಗೆ ಇರುವುದು ಬಿಸಿಯಾದಷ್ಟೂ ತಡೆ ಕಡಿಮೆಯಾಗುವ ಒಂದು ರೆಸಿಸ್ಟರ್. 20 ಡಿಗ್ರಿಯಲ್ಲಿ ಸಾಮಾನ್ಯವಾಗಿ 2ರಿಂದ 3 ಸಾವಿರ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು. ಕಂಪ್ಯೂಟರ್ 5 ವೋಲ್ಟನ್ನು ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ ಈ ಸೆನ್ಸರಿಗೆ ಕಳಿಸಿ, ಎಷ್ಟು ವೋಲ್ಟ್ ಉಳಿಯಿತು ಎಂದು ನೋಡುತ್ತದೆ. ತಂತಿ ತುಂಡಾದರೆ ಪೂರ್ತಿ 5 ವೋಲ್ಟ್ ಉಳಿಯುತ್ತದೆ. ಕಂಪ್ಯೂಟರಿಗೆ ಅದು ಮೈನಸ್ 40 ಡಿಗ್ರಿ. ಆಗ ಬೀಳುವುದು ಪಿ0118. ಎರಡು ತಂತಿ ಒಂದಕ್ಕೊಂದು ತಾಗಿದರೆ ವೋಲ್ಟ್ ಸೊನ್ನೆಗೆ ಇಳಿಯುತ್ತದೆ, ತಾಪ 130 ದಾಟಿದಂತೆ ಕಾಣುತ್ತದೆ, ಪಿ0117 ಬೀಳುತ್ತದೆ.

ಈಗ ಪರೀಕ್ಷೆ. ಪಿ0118 ಬಂದಿದೆ, ಫೋನಿನ ಲೈವ್ ಡೇಟಾದಲ್ಲಿ ಮೈನಸ್ 40 ಕಾಣುತ್ತಿದೆ. ಕೀ ಆಫ್ ಮಾಡಿ ಸೆನ್ಸರಿನ ಕಪ್ಲರ್ ಬಿಚ್ಚಿ. ತಂತಿ ಕಡೆಯ ಕಪ್ಲರಿನ ಎರಡು ಪಿನ್ನುಗಳನ್ನು ತೆಳು ತಂತಿಯಿಂದ ಸೇರಿಸಿ, ಕೀ ಆನ್ ಮಾಡಿ. ತಾಪ ಒಮ್ಮೆಲೇ 130ರ ಮೇಲೆ ಜಿಗಿದರೆ ಕಪ್ಲರಿನಿಂದ ಕಂಪ್ಯೂಟರ್‌ವರೆಗೆ ಎಲ್ಲವೂ ಸರಿ ಇದೆ. ಈಗ ಧೈರ್ಯವಾಗಿ ಸೆನ್ಸರ್ ಕೊಳ್ಳಿ. ಜಿಗಿಯದೆ ಮೈನಸ್ 40ರಲ್ಲೇ ನಿಂತರೆ ಹೊಸ ಸೆನ್ಸರ್ ಹಾಕಿದರೂ ಉಪಯೋಗವಿಲ್ಲ. ತಂತಿ ಎಲ್ಲೋ ಕಡಿದಿದೆ, ಇಲ್ಲವೇ ಪಿನ್ ಸಡಿಲವಾಗಿದೆ. ಪಿ0117 ಬಂದಿದ್ದರೆ ಇದೇ ಕೆಲಸವನ್ನು ತಿರುವಿ ಮಾಡಿ: ಕಪ್ಲರ್ ಬಿಚ್ಚಿದಾಗ ಮೈನಸ್ 40ಕ್ಕೆ ಇಳಿದರೆ ಸೆನ್ಸರ್ ಶಾರ್ಟ್, ಇಳಿಯದಿದ್ದರೆ ತಂತಿ ಶಾರ್ಟ್. ಇಷ್ಟಕ್ಕೆ ಐದು ನಿಮಿಷ ಸಾಕು. ಕೆಲವು ಕಾರುಗಳು ಕೋಡ್ ಬಿದ್ದ ಮೇಲೆ ನಿಜವಾದ ಅಳತೆಯ ಬದಲು ತಾವೇ ಊಹಿಸಿಕೊಂಡ ಒಂದು ತಾಪವನ್ನು ತೋರಿಸುತ್ತವೆ. ಹಾಗೆ ಕಂಡರೆ ಫೋನನ್ನು ಬಿಟ್ಟು ಮೀಟರಿನಿಂದ ವೋಲ್ಟೇಜನ್ನೇ ನೋಡಿ.

ಕೋಡ್ ಬೀಳದೆಯೂ ಈ ಸೆನ್ಸರ್ ಕಾಡಬಹುದು. ಎಂಜಿನ್ ಬಿಸಿಯಾದರೂ 40 ಡಿಗ್ರಿ ಎಂದೇ ಹೇಳುತ್ತಿದ್ದರೆ ಅದು ಕಂಪ್ಯೂಟರಿನ ಮಟ್ಟಿಗೆ ಅಸಾಧ್ಯವಾದ ಅಳತೆಯಲ್ಲ. ತಣ್ಣನೆ ಎಂಜಿನ್ ಎಂದು ನಂಬಿ ಪೆಟ್ರೋಲ್ ಹೆಚ್ಚು ಸುರಿಯುತ್ತಲೇ ಹೋಗುತ್ತದೆ. ಸೈಲೆನ್ಸರ್ ಕಪ್ಪಾಗುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ. ಮೀಟರ್ ಬೋರ್ಡಿನ ತಾಪದ ಮುಳ್ಳು ಸರಿಯಾಗಿದೆಯಲ್ಲ ಎನ್ನಬೇಡಿ, ಬಹಳ ಹಳೆ ಕಾರುಗಳಲ್ಲಿ ಆ ಮುಳ್ಳಿಗೆ ಬೇರೆಯೇ ಸೆನ್ಸರ್ ಇರುತ್ತದೆ. ಇದನ್ನು ಹಿಡಿಯಲು ಬೆಳಗ್ಗೆ, ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಕೀ ಮಾತ್ರ ಆನ್ ಮಾಡಿ ಕೂಲೆಂಟ್ ತಾಪ ಮತ್ತು ಗಾಳಿಯ ತಾಪ ಎರಡನ್ನೂ ನೋಡಿ. ಎರಡೂ ಹೊರಗಿನ ಹವೆಗೆ ಹತ್ತಿರ ಇರಬೇಕು, ಒಂದಕ್ಕೊಂದು ಕೆಲವೇ ಡಿಗ್ರಿ ವ್ಯತ್ಯಾಸ ಇರಬೇಕು. ಬೆಂಗಳೂರಿನ ಡಿಸೆಂಬರ್ ಮುಂಜಾನೆಯಲ್ಲಿ ಒಂದು 17, ಇನ್ನೊಂದು 35 ಎಂದರೆ ಯಾವುದು ಸುಳ್ಳು ಹೇಳುತ್ತಿದೆ ಎಂದು ಹೇಳಲು ಮೆಕ್ಯಾನಿಕ್ ಬೇಕಿಲ್ಲ.

ಇದರ ಜೊತೆಗೇ ಥರ್ಮೋಸ್ಟಾಟ್ ವಾಲ್ವ್. ನಮ್ಮ ಗ್ಯಾರೇಜುಗಳಲ್ಲಿ ‘ನಮ್ಮ ಹವೆಗೆ ಇದು ಬೇಡ, ಎಂಜಿನ್ ಬಿಸಿ ಆಗುತ್ತೆ’ ಎಂದು ಈ ವಾಲ್ವನ್ನು ಕಿತ್ತು ಎಸೆಯುವ ರೂಢಿ ಇದೆ. ಇದು ತಪ್ಪು. ವಾಲ್ವ್ ಇಲ್ಲದ ಎಂಜಿನ್ ಹೈವೇಯಲ್ಲಿ 60-65 ಡಿಗ್ರಿಗಿಂತ ಮೇಲೆ ಏರದೆ ಹೋಗಬಹುದು. ಏರಬೇಕಾದದ್ದು 80-90ಕ್ಕೆ. ಕೆಲವು ಕಾರುಗಳಲ್ಲಿ ಇದಕ್ಕೆ ಪಿ0128 ಕೋಡ್ ಇದೆ, ಅದು ಬಿದ್ದರೂ ಜನ ಕೂಲೆಂಟ್ ಸೆನ್ಸರ್ ಬದಲಿಸುತ್ತಾರೆ. ಸೆನ್ಸರ್ ಪಾಪ ನಿಜವನ್ನೇ ಹೇಳುತ್ತಿರುತ್ತದೆ.

ಮ್ಯಾಪ್ ಸೆನ್ಸರಿಗೆ ಘಾಟಿಯ ಪರೀಕ್ಷೆ

ಅಮೆರಿಕದ ವಿಡಿಯೊಗಳನ್ನು ನೋಡಿ ಕೆಲಸ ಕಲಿಯುವವರು ಎಡವುವ ಜಾಗ ಇದು. ಅಲ್ಲಿನ ಹಲವು ಕಾರುಗಳಲ್ಲಿ ಒಳಬರುವ ಗಾಳಿಯನ್ನು ನೇರ ತೂಗುವ ಮಾಫ್ ಸೆನ್ಸರ್ ಇರುತ್ತದೆ. ನಮ್ಮ ಮಾರುತಿಯಂಥ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಮ್ಯಾಪ್ ಸೆನ್ಸರ್. ಅದು ಇನ್‌ಟೇಕ್ ಮ್ಯಾನಿಫೋಲ್ಡಿನೊಳಗಿನ ಒತ್ತಡ ಅಳೆಯುತ್ತದೆ, ಗಾಳಿಯ ಲೆಕ್ಕವನ್ನು ಕಂಪ್ಯೂಟರ್ ತಾನೇ ಕಟ್ಟುತ್ತದೆ. ಎಂಜಿನ್ ನಿಂತಿದ್ದು ಕೀ ಆನ್ ಇದ್ದಾಗ ಇದು ಆ ಊರಿನ ವಾಯುಭಾರವನ್ನೇ ತೋರಿಸಬೇಕು. ಮಂಗಳೂರಿನ ಕಡಲತೀರದಲ್ಲಿ ಸುಮಾರು 101 ಕಿಲೊಪಾಸ್ಕಲ್, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91, ಮಡಿಕೇರಿಯಲ್ಲಿ 88ರ ಆಸುಪಾಸು. ಬೆಂಗಳೂರಿನಲ್ಲಿ 91 ಕಂಡು ‘101 ಇರಬೇಕಿತ್ತು, ಸೆನ್ಸರ್ ವೀಕ್’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಂಗಳೂರಿನಿಂದ ಮಂಗಳೂರಿಗೆ ಇಳಿದ ಮೇಲೂ 91ರಲ್ಲೇ ನಿಂತಿದ್ದರೆ ಆಗ ಅನುಮಾನ ಪಡಿ. ಎಂಜಿನ್ ಬಿಸಿಯಾಗಿ ಐಡಲಿಂಗ್‌ನಲ್ಲಿರುವಾಗ 25ರಿಂದ 40ರ ನಡುವೆ ಇರುವುದು ವಾಡಿಕೆ. 50 ದಾಟಿದ್ದರೆ ಸೆನ್ಸರನ್ನು ಬೈಯುವ ಮುಂಚೆ ಗಾಳಿ ಸೋರಿಕೆ, ಟೈಮಿಂಗ್ ಬೆಲ್ಟ್ ಹಲ್ಲು ಜಾರಿದ್ದು ಇವನ್ನು ನೋಡಿ.

ಇದರಿಂದ ಇನ್ನೊಂದು ವ್ಯತ್ಯಾಸ ಹುಟ್ಟುತ್ತದೆ. ಮಾಫ್ ಇರುವ ಕಾರಿನಲ್ಲಿ ರಬ್ಬರ್ ಹೋಸ್ ಬಿರುಕು ಬಿಟ್ಟು ಗಾಳಿ ಕಳ್ಳದಾರಿಯಲ್ಲಿ ಬಂದರೆ ಅದು ಲೆಕ್ಕಕ್ಕೆ ಸಿಗದೆ ಲೀನ್ ಕೋಡ್ ಬೀಳುತ್ತದೆ. ಮ್ಯಾಪ್ ಇರುವ ಕಾರಿನಲ್ಲಿ ಆ ಗಾಳಿಯ ಒತ್ತಡವೂ ಲೆಕ್ಕಕ್ಕೆ ಬರುವುದರಿಂದ ಪೆಟ್ರೋಲೂ ಜೊತೆಗೆ ಹೆಚ್ಚಾಗಿ ಐಡಲಿಂಗ್ ಏರುತ್ತದೆ. ಬೀಳುವುದಾದರೆ ಪಿ0507 ಬೀಳುತ್ತದೆ. ರೇಸ್ ತಾನಾಗಿ ಏರಿಕೊಂಡಿದೆ ಎಂದು ಥ್ರಾಟಲ್ ಬಾಡಿ ಬದಲಿಸುವ ಮುಂಚೆ ವ್ಯಾಕ್ಯೂಮ್ ಪೈಪುಗಳನ್ನೆಲ್ಲ ಕೈಯಾಡಿಸಿ ನೋಡಿ.

ಲೀನ್ ಕೋಡ್ ಮತ್ತು ಇ20

ಪಿ0171 ಎಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿದೆ ಎಂಬ ದೂರು. ದೂರು ಕೊಟ್ಟದ್ದು ಆಕ್ಸಿಜನ್ ಸೆನ್ಸರ್. ಅದನ್ನೇ ಬದಲಿಸುವುದು ನ್ಯಾಯವಲ್ಲ. ಲೈವ್ ಡೇಟಾದಲ್ಲಿ ಫ್ಯೂಯೆಲ್ ಟ್ರಿಮ್ ನೋಡಿ. ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡುತ್ತಿದೆ ಎಂಬ ಶೇಕಡಾವಾರು ಅದು. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡನ್ನೂ ಕೂಡಿ. ಪ್ಲಸ್ ಅಥವಾ ಮೈನಸ್ 10ರೊಳಗೆ ಇದ್ದರೆ ಚಿಂತೆಯಿಲ್ಲ. ಐಡಲಿಂಗ್‌ನಲ್ಲಿ ಪ್ಲಸ್ 20 ಇದ್ದು 2500 ಆರ್‌ಪಿಎಂಗೆ ಏರಿಸಿದಾಗ ಸಹಜಕ್ಕೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ರೇಸ್ ಹೆಚ್ಚಿದಂತೆ, ಏರು ಹತ್ತಿದಂತೆ ಪ್ಲಸ್ ಏರುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ: ಫಿಲ್ಟರ್, ಟ್ಯಾಂಕಿನೊಳಗಿನ ಪಂಪ್, ಇಂಜೆಕ್ಟರ್ ಈ ಕ್ರಮದಲ್ಲಿ ನೋಡಿ. ಪಂಪಿನ ಪೈಪ್ ಬಿಚ್ಚುವ ಕೆಲಸ ಮಾತ್ರ ಮನೆಯಲ್ಲಿ ಬೇಡ. ಆ ಲೈನಿನಲ್ಲಿ ಸುಮಾರು 3 ಬಾರ್ ಒತ್ತಡದ ಪೆಟ್ರೋಲ್ ಇರುತ್ತದೆ. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಸೈಲೆನ್ಸರ್ ಜಾಯಿಂಟ್ ಬಿರುಕು ಬಿಟ್ಟಿದ್ದರೂ ಹೊರಗಿನ ಗಾಳಿ ಒಳಸೇರಿ ಸುಳ್ಳು ಲೀನ್ ಕಾಣಿಸುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20 ಪೆಟ್ರೋಲ್ ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿದೆ. ಶುದ್ಧ ಪೆಟ್ರೋಲ್ ಒಂದು ಪಾಲು ಉರಿಯಲು 14.7 ಪಾಲು ಗಾಳಿ ಬೇಕು; ಎಥನಾಲ್ ಶೇ 20 ಸೇರಿದಾಗ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಕೊಡಬೇಕು. ಹಳೆ ಕಾರಿನಲ್ಲಿ ಲಾಂಗ್ ಟರ್ಮ್ ಟ್ರಿಮ್ ಕೆಲವು ಅಂಕ ಪ್ಲಸ್ ಕಡೆ ಸರಿಯುವುದು ಇದರಿಂದಲೇ, ಅದು ರೋಗವಲ್ಲ. ಆದರೆ ಮೊದಲೇ ಫಿಲ್ಟರ್ ಕಟ್ಟಿಕೊಂಡು ಪ್ಲಸ್ 12ರಲ್ಲಿ ಓಡುತ್ತಿದ್ದ ಕಾರು ಇ20 ತುಂಬಿದ ಮೇಲೆ ಕೋಡ್ ಬೀಳುವ ಗಡಿ ದಾಟುತ್ತದೆ. ಪೆಟ್ರೋಲನ್ನು ದೂರುವುದರ ಬದಲು ಫಿಲ್ಟರ್ ಬದಲಿಸಿ.

ಮಿಸ್ಸಿಂಗ್, ನಿಂತುಹೋಗುವುದು, ಇಲಿ

ಎಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಮನೆ ತಲುಪಬಹುದು. ಪಟಪಟನೆ ಮಿನುಗುತ್ತಿದ್ದರೆ ರೇಸ್ ಕಡಿಮೆ ಮಾಡಿ ಪಕ್ಕಕ್ಕೆ ನಿಲ್ಲಿಸಿ. ತೀವ್ರ ಮಿಸ್ಸಿಂಗ್ ಆಗಿ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗುತ್ತಿದೆ, ಅದು ಕೆಂಪಗೆ ಕಾದು ಹಾಳಾಗುತ್ತದೆ.

ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0303 ಎಂದರೆ ಮೂರನೆಯದು. ಪ್ರತಿ ಪ್ಲಗ್ಗಿಗೂ ಒಂದು ಕಾಯಿಲ್ ಇರುವ ಕಾರಾದರೆ ಒಂದರ ಕಾಯಿಲನ್ನು ಮೂರಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲ್ ಕೆಟ್ಟಿದೆ, ಅಲ್ಲೇ ನಿಂತರೆ ಪ್ಲಗ್ ಬದಲಿಸಿ ನೋಡಿ, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಹಳೆಯ ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ ಒಂದು ಕಾಯಿಲ್ ಎರಡು ಪ್ಲಗ್ಗಿಗೆ ಕಿಡಿ ಕೊಡುತ್ತದೆ, 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಜೋಡಿಯ ಎರಡೂ ಮಿಸ್ ಆದರೆ ಕಾಯಿಲ್, ಒಂದೇ ಆದರೆ ಪ್ಲಗ್ ಅಥವಾ ಪ್ಲಗ್ ಕೇಬಲ್. ಮಳೆಗಾಲದಲ್ಲಿ ಪ್ಲಗ್ ಗುಂಡಿಯಲ್ಲಿ ನೀರು ನಿಂತಿದೆಯೇ ಎಂದು ಮೊದಲು ನೋಡಿ.

ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಶುರುವಾಗುವ ಕಾರಿನಲ್ಲಿ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಸರಿಯೇ. ಪಿ0335 ಅದರ ಕೋಡ್. ನಿಂತಿರುವಾಗಲೇ ಸೆಲ್ಫ್ ಹೊಡೆಯುತ್ತಾ ಫೋನಿನಲ್ಲಿ ಆರ್‌ಪಿಎಂ ನೋಡಿ. 200ರ ಹತ್ತಿರ ಕಂಡರೆ ಸಿಗ್ನಲ್ ಬರುತ್ತಿದೆ, ಬೇರೆ ಕಡೆ ಹುಡುಕಿ. ಸೊನ್ನೆಯಲ್ಲೇ ಇದ್ದರೆ ಸೆನ್ಸರ್ ಅಥವಾ ಅದರ ತಂತಿ.

ತಂತಿ ಎಂದಾಗ ಇಲಿಯನ್ನು ಮರೆಯುವಂತಿಲ್ಲ. ತೋಟದ ಮನೆಗಳ ಶೆಡ್ಡುಗಳಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳಲ್ಲಿ ವಾರಗಟ್ಟಲೆ ನಿಂತ ಕಾರಿಗೆ ಇದ್ದಕ್ಕಿದ್ದಂತೆ ಕೋಡ್ ಬಂದರೆ ಬಾನೆಟ್ ತೆಗೆದು ಟಾರ್ಚ್ ಹಿಡಿದು ಇಂಜೆಕ್ಟರ್ ತಂತಿಗಳನ್ನೇ ಮೊದಲು ನೋಡಿ. ಕಡಿದ ತಂತಿಯನ್ನು ಹೊಸೆದು ಟೇಪ್ ಸುತ್ತಿದರೆ ಒಂದು ಮಳೆಗಾಲ ಬಾಳುವುದಿಲ್ಲ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಏರಿಸಬೇಕು. ಹಿಂದೆಂದೋ ಎಲ್‌ಪಿಜಿ ಕಿಟ್ ಹಾಕಿಸಿ ತೆಗೆಸಿದ ಕಾರಾದರೆ ಆಗ ಕತ್ತರಿಸಿ ಸೇರಿಸಿದ ಜಾಗಗಳೆಲ್ಲ ಅನುಮಾನದ ಜಾಗಗಳೇ.

ಎಮಿಷನ್ ಚೀಟಿಯನ್ನು ಗ್ಲೋವ್ ಬಾಕ್ಸಿಗೆ ಎಸೆಯುವ ಮುಂಚೆ ಓದಿ. ಭಾರತ್ ಸ್ಟೇಜ್-4 ಪೆಟ್ರೋಲ್ ಕಾರಿಗೆ ಐಡಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 0.3, ಹೈಡ್ರೊಕಾರ್ಬನ್ 200 ಪಿಪಿಎಂ. ಮೊದಲನೆಯದು ಏರಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಎರಡನೆಯದು ಮಾತ್ರ ಏರಿದ್ದರೆ ಎಲ್ಲೋ ಸರಿಯಾಗಿ ಉರಿಯುತ್ತಿಲ್ಲ.

ಹಳೆ ಕಾರು ಕೊಳ್ಳಲು ಹೋಗುವವರು ಅಡಾಪ್ಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಒಬಿಡಿ-2 ಕಾರಿನಲ್ಲಿ ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕ ಸಾಮಾನ್ಯವಾಗಿ ಸಿಗುತ್ತದೆ. ಕೋಡ್ ಒಂದೂ ಇಲ್ಲ, ಆದರೆ ಅಳಿಸಿ ಓಡಿದ್ದು 6 ಕಿಲೋಮೀಟರ್, ರೆಡಿನೆಸ್ ಮಾನಿಟರ್‌ಗಳೆಲ್ಲ (ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳು) ಅಪೂರ್ಣ ಎಂದು ಕಂಡರೆ ಆ ಬೆಳಗ್ಗೆಯೇ ಯಾರೋ ಅಳಿಸಿದ್ದಾರೆ. ವ್ಯಾಪಾರ ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಲು ಎಲ್ಲರಿಗೂ ಪುರುಸೊತ್ತು ಇರುವುದಿಲ್ಲ, ಮೆಕ್ಯಾನಿಕ್ ಬಳಿ ಹೋಗಲೇಬೇಕಾಗುತ್ತದೆ. ಹೋಗುವಾಗ ಕೋಡ್, ಫ್ರೀಜ್ ಫ್ರೇಮಿನ ಫೋಟೊ, ಯಾವ ಹೊತ್ತಿನಲ್ಲಿ ತೊಂದರೆ ಬರುತ್ತದೆ ಎಂಬ ಚೀಟಿ ಕೊಡಿ. ಸೆನ್ಸರ್ ಬದಲಿಸಬೇಕು ಎಂದರೆ ‘ಹೇಗೆ ಗೊತ್ತಾಯ್ತು, ಏನು ಅಳೆದಿರಿ?’ ಎಂದು ಮರ್ಯಾದೆಯಿಂದಲೇ ಕೇಳಿ, ಹಳೆಯದನ್ನು ವಾಪಸ್ ಪಡೆಯಿರಿ. ಒಂದು ಗಂಟೆ ಮೀಟರ್ ಹಿಡಿದು ಹುಡುಕಿ, ಕೊನೆಗೆ ಒಂದು ಸಡಿಲ ಪಿನ್ ಬಿಗಿದು ಕಾರು ಸರಿ ಮಾಡಿದ ಮೆಕ್ಯಾನಿಕ್ಕಿಗೆ ‘ಪಾರ್ಟ್ ಏನೂ ಹಾಕಿಲ್ಲವಲ್ಲ’ ಎಂದು ನೂರು ರೂಪಾಯಿ ಕೊಟ್ಟು ಬರಬೇಡಿ. ಹುಡುಕಿದ ಕೆಲಸಕ್ಕೆ ಪೂರ್ತಿ ಕೂಲಿ ಕೊಡಿ.